ಪ್ಲಾಸ್ಮಾ ಕಟಿಂಗ್ ವಾಟರ್ ಟೇಬಲ್ ಸೋರುತ್ತಿದೆಯೇ? ತೂತು ಹುಡುಕುವುದರಿಂದ ಮತ್ತೆ ನೀರು ತುಂಬುವವರೆಗೆ

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ಸತ್ಯಮಂಗಲ, ವಸಂತನರಸಾಪುರದ ಕಡೆಯ ಫ್ಯಾಬ್ರಿಕೇಶನ್ ಷೆಡ್‌ಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: "ವಾಟರ್ ಟೇಬಲ್ ಅಡಿಯಲ್ಲಿ ನೀರು ನಿಲ್ಲುತ್ತಿದೆ, ಯಾವ ಸೀಲೆಂಟ್ ಹಚ್ಚಬೇಕು?" ಸೀಲೆಂಟಿನ, ಅಂದರೆ ಸಂದಿ ಮುಚ್ಚುವ ಅಂಟಿನ ಹೆಸರು ಕೇಳುವ ಮೊದಲು ತೂತು ಎಲ್ಲಿದೆ ಎಂದು ಪತ್ತೆ ಮಾಡಿ. ನೀರು ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ. ತೊಟ್ಟಿಯ ತಳದಿಂದ ಹೊರಬಿದ್ದ ನೀರು ಕೆಳಗಿನ ಆಂಗಲ್ ಚೌಕಟ್ಟನ್ನು ಹಿಡಿದು ಹರಿದು, ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿ ಬೀಳುತ್ತದೆ. ಅಂತರಸನಹಳ್ಳಿಯ ಒಂದು ಷೆಡ್‌ನಲ್ಲಿ ಒಂದೇ ಮೂಲೆಗೆ ಮೂರು ಟ್ಯೂಬ್ ಸೀಲೆಂಟ್ ಬಳಿದಿದ್ದರು. ಸೋರುತ್ತಿದ್ದದ್ದು ಅಲ್ಲಿಂದ ನಾಲ್ಕಡಿ ದೂರದಲ್ಲಿ, ನೀರು ಬಿಡುವ ಕಪ್ಲಿಂಗ್‌ನ ಬುಡದಲ್ಲಿ.

ಹೊಸಬರಿಗಾಗಿ ಒಂದು ಮಾತು. ಪ್ಲಾಸ್ಮಾ ಟಾರ್ಚ್ ತಗಡನ್ನು ಕತ್ತರಿಸುವಾಗ ಉದುರುವ ಕಿಡಿ, ಹೊಗೆ ಮತ್ತು ಕರಗಿದ ಲೋಹವನ್ನು ಹಿಡಿದುಕೊಳ್ಳಲು ತಗಡಿನ ಕೆಳಗೆ ಇಡುವ ಅಗಲವಾದ ನೀರಿನ ತೊಟ್ಟಿಗೆ ವಾಟರ್ ಟೇಬಲ್ ಎನ್ನುತ್ತಾರೆ. ತಗಡು ಕೂರುವುದು ತೊಟ್ಟಿಯೊಳಗೆ ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಪಟ್ಟಿಗಳ ಮೇಲೆ. ಇವನ್ನು ಸ್ಲ್ಯಾಟ್ ಎಂದು ಕರೆಯುವುದೇ ರೂಢಿ. ಕರಗಿ ಬಿದ್ದು ಗಟ್ಟಿಯಾದದ್ದು ಕಿಟ್ಟ, ಅಂದರೆ ಸ್ಲ್ಯಾಗ್.

ತೂಕದ ಅಂದಾಜು ಮೊದಲೇ ಮನಸ್ಸಿನಲ್ಲಿರಲಿ. ಐದಡಿಗೆ ಹತ್ತಡಿಯ ಮೇಜು ಎಂದರೆ ಸುಮಾರು 1.5 ಮೀಟರ್‌ಗೆ 3 ಮೀಟರ್. ಅದರಲ್ಲಿ 15 ಸೆಂಟಿಮೀಟರ್ ನೀರು ನಿಲ್ಲಿಸಿದರೆ 675 ಲೀಟರ್, ತೂಕವೂ 675 ಕಿಲೋ. ಅದರ ಮೇಲೆ ಅಷ್ಟೇ ಅಳತೆಯ 10 ಮಿಲಿಮೀಟರ್ ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ತಗಡು ಇಟ್ಟರೆ ಇನ್ನೂ 350 ಕಿಲೋ. ಒಂದು ಟನ್‌ಗಿಂತ ಹೆಚ್ಚಿನ ಭಾರ ಹೊತ್ತಾಗ ಚೌಕಟ್ಟು ಕೂದಲೆಳೆಯಷ್ಟು ಬಾಗುತ್ತದೆ, ಬೆಸುಗೆಯ ಬಿರುಕು ಬಾಯಿ ಬಿಡುತ್ತದೆ. ತೊಟ್ಟಿ ಖಾಲಿ ಮಾಡಿದ ಕೂಡಲೇ ಅದೇ ಬಿರುಕು ಮುಚ್ಚಿಕೊಳ್ಳುತ್ತದೆ. ಆದ್ದರಿಂದ ನೀರು ಇರುವಾಗಲೇ ಹುಡುಕಬೇಕು. ಸೋರುತ್ತಿದೆ ಎಂದು ಗೊತ್ತಾದ ತಕ್ಷಣ ವಾಲ್ವ್ ತಿರುಗಿಸಿ ನೀರೆಲ್ಲ ಬಿಟ್ಟುಬಿಡುವುದೇ ಎಲ್ಲರೂ ಮಾಡುವ ಮೊದಲ ತಪ್ಪು.

ಬೇಕಾಗುವ ಸಾಮಾನು

ಹತ್ತಿಬಟ್ಟೆ, ಟಾರ್ಚ್ ಲೈಟ್, ಹಳೆಯ ದಿನಪತ್ರಿಕೆ, ಸೀಮೆಸುಣ್ಣದ ಪುಡಿ, ಅರ್ಧ ಲೀಟರ್ ಸೀಮೆಎಣ್ಣೆ ಅಥವಾ ಡೀಸೆಲ್, ವೈರ್ ಬ್ರಷ್, ಗ್ರೈಂಡರ್, ರಸಮಟ್ಟ, 200 ಲೀಟರ್‌ನ ನಾಲ್ಕು ಡ್ರಮ್, ರಬ್ಬರ್ ಕೈಗವಸು. ವೆಲ್ಡಿಂಗ್‌ಗೆ 6013 ದರ್ಜೆಯ 2.5 ಮಿಲಿಮೀಟರ್ ರಾಡ್ ಅಥವಾ 0.8 ಮಿಲಿಮೀಟರ್ ತಂತಿಯ ಮಿಗ್ ಯಂತ್ರ ಸಾಕು. ಸೀಲೆಂಟನ್ನು ಈಗಲೇ ಕೊಳ್ಳಬೇಡಿ. ಬೇಕಾಗುತ್ತದೆಯೋ ಇಲ್ಲವೋ ಎಂಬುದು ಆರನೆಯ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಸೋರುತ್ತಿದೆಯೋ, ಆರುತ್ತಿದೆಯೋ?

ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಶೀಟ್ ಹೊದಿಸಿದ ಷೆಡ್‌ನ ಕಾವಿಗೆ ತೊಟ್ಟಿಯ ನೀರು ದಿನದಿನವೂ ಇಳಿಯುತ್ತದೆ. ಕತ್ತರಿಸುವಾಗಿನ ಶಾಖಕ್ಕೂ ಒಂದಿಷ್ಟು ಆವಿಯಾಗುತ್ತದೆ. ಇದನ್ನೇ ಸೋರಿಕೆ ಎಂದು ತಿಳಿದು ತೊಟ್ಟಿ ಬಿಚ್ಚಿದವರಿದ್ದಾರೆ.

ಒಂದು ಬಕೆಟ್‌ಗೆ ತೊಟ್ಟಿಯ ನೀರನ್ನೇ ತುಂಬಿ, ತಳದಲ್ಲಿ ಕಲ್ಲು ಹಾಕಿ, ತೊಟ್ಟಿಯ ನೀರಿನೊಳಗೆ ಇಡಿ. ಒಂದೆರಡು ಸ್ಲ್ಯಾಟ್ ತೆಗೆದರೆ ಜಾಗವಾಗುತ್ತದೆ. ಬಕೆಟ್ ಒಳಗಿನ ನೀರಿನ ಮಟ್ಟಕ್ಕೆ ಒಂದು ಗೆರೆ, ತೊಟ್ಟಿಯ ಗೋಡೆಯ ಮೇಲೆ ಇನ್ನೊಂದು ಗೆರೆ ಎಳೆಯಿರಿ. 24 ಗಂಟೆ ಯಂತ್ರ ಮುಟ್ಟಬೇಡಿ. ಎರಡೂ ಕಡೆ ಒಂದೇ ಅಳತೆ ಇಳಿದಿದ್ದರೆ ಅದು ಆವಿ. ತೊಟ್ಟಿಯಲ್ಲಿ ಹೆಚ್ಚು ಇಳಿದಿದ್ದರೆ ಆ ವ್ಯತ್ಯಾಸವೇ ಸೋರಿಕೆ. ಮೇಲೆ ಹೇಳಿದ ಅಳತೆಯ ಮೇಜಿನಲ್ಲಿ 1 ಮಿಲಿಮೀಟರ್ ಎಂದರೆ ನಾಲ್ಕೂವರೆ ಲೀಟರ್.

ನಿಮ್ಮ ಮೇಜಿನಲ್ಲಿ ಗಾಳಿ ತುಂಬಿ ನೀರಿನ ಮಟ್ಟ ಏರಿಸುವ ವ್ಯವಸ್ಥೆ ಇದ್ದರೆ ಇನ್ನೊಂದು ಸಾಧ್ಯತೆಯೂ ಇದೆ. ಗಾಳಿಯ ಕೋಣೆಯಿಂದ ಗಾಳಿ ಸೋರಿದರೂ ನೀರಿನ ಮಟ್ಟ ಇಳಿಯುತ್ತದೆ, ಆದರೆ ನೆಲ ಒಣಗಿಯೇ ಇರುತ್ತದೆ. ಆಗ ಗಾಳಿ ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಆ ಗಾಳಿಯನ್ನು ನಿಲ್ಲಿಸಿದರೆ ಕೆಲಸ ಅಲ್ಲಿಗೇ ಮುಗಿಯಿತು.

ಹಂತ 2: ನೀರು ತುಂಬಿರುವಾಗಲೇ ಜಾಗ ಗುರುತಿಸಿ

ಇಡೀ ಕೆಲಸದ ಜೀವಾಳ ಇದೇ ಹಂತ. ಅರ್ಧ ದಿನ ಹೋದರೂ ಚಿಂತೆಯಿಲ್ಲ.

ಮೇಜಿನ ಅಡಿಗೆ ಇಳಿಯುವ ಮೊದಲು ಪ್ಲಾಸ್ಮಾ ಯಂತ್ರ, ಅದರ ಟಾರ್ಚನ್ನು ಓಡಾಡಿಸುವ ಕಂಟ್ರೋಲರ್, ಕಂಪ್ರೆಸರ್ ಮೂರರ ಮೇನ್ ಸ್ವಿಚ್ ಆರಿಸಿ. ಒದ್ದೆ ನೆಲದಲ್ಲಿ ಮಲಗಿ ಮಾಡುವ ಕೆಲಸವಿದು. ಅಡಿಗೆ ಹೋದ ಮೇಲೆ ಕೈ ಹಾಕುವುದಕ್ಕೂ ಮೊದಲು ಸುಮ್ಮನೆ ನೋಡಿ. ನಮ್ಮ ಕಡೆಯ ಕೊಳವೆಬಾವಿ ನೀರು ಗಡಸು. ಸೋರಿದ ನೀರು ಆರಿದಲ್ಲೆಲ್ಲ ಬಿಳಿ ಉಪ್ಪು ಉಳಿಯುತ್ತದೆ. ಟಾರ್ಚ್ ಲೈಟನ್ನು ತಳಕ್ಕೆ ಓರೆಯಾಗಿ ಹಿಡಿದರೆ ಕೆಂದು ಬಣ್ಣದ ತುಕ್ಕಿನ ಜಾಡು, ಅದರ ಎರಡೂ ಅಂಚಿನಲ್ಲಿ ರಂಗೋಲಿ ಎಳೆಯಂತೆ ಸಣ್ಣ ಬಿಳಿ ಗೆರೆ ಕಾಣುತ್ತದೆ. ಆ ಗೆರೆಯನ್ನು ನೀರು ಬೀಳುವ ಕಡೆಯಿಂದ ಹಿಂದಕ್ಕೆ ಹಿಡಿದು ಹೋಗಿ. ಅದು ಮೊದಲಾಗುವ ಕಡೆ ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುವ ಉಪ್ಪಿನ ಗಂಟೊಂದು ಸಿಗುತ್ತದೆ. ಬಹಳ ಸಲ ತೂತು ಅದರ ಹಿಂದೆಯೇ ಇರುತ್ತದೆ.

ಆಮೇಲೆ ತಳವನ್ನೂ ಚೌಕಟ್ಟನ್ನೂ ಬಟ್ಟೆಯಿಂದ ಒರೆಸಿ, ಬ್ಲೋವರ್‌ನಿಂದ ಒಣಗಿಸಿ. ಸೀಮೆಸುಣ್ಣದ ಪುಡಿಯನ್ನು ಒಣ ಬಟ್ಟೆಯಲ್ಲಿ ಅದ್ದಿ ಬೆಸುಗೆ ಸಾಲುಗಳ ಮೇಲೆ, ಬೋಲ್ಟ್ ಸುತ್ತ, ಕಪ್ಲಿಂಗ್ ಸುತ್ತ ತಟ್ಟಿ. ನೆಲದ ಮೇಲೆ ದಿನಪತ್ರಿಕೆ ಹಾಸಿ. ಕಾಲು ಗಂಟೆಗೊಮ್ಮೆ ನೋಡುತ್ತಿರಿ. ಸುಣ್ಣ ಎಲ್ಲಿ ಮೊದಲು ಕಪ್ಪಾಗುತ್ತದೋ ಅಲ್ಲಿ ಮಾರ್ಕರ್‌ನಿಂದ ಸುತ್ತು ಹಾಕಿ. ಮೊದಲು ಎಂಬ ಮಾತು ಮುಖ್ಯ. ಒಂದು ಗಂಟೆ ಬಿಟ್ಟು ಬಂದರೆ ಅರ್ಧ ತಳವೇ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಏನೂ ಕಾಣದಿದ್ದರೆ ಮೇಲೆ ತಗಡು ಇಟ್ಟು ಭಾರ ಹಾಕಿ ಇನ್ನೊಮ್ಮೆ ನೋಡಿ.

ಗೋಡೆಯ ಮೂಲೆಗಳಲ್ಲಿ ಸೋರುವ ಅನುಮಾನವಿದ್ದರೆ ನೀರನ್ನು ಎರಡೆರಡು ಸೆಂಟಿಮೀಟರ್ ಇಳಿಸುತ್ತ ಬನ್ನಿ. ಪ್ರತಿ ಸಲವೂ ಹೊರಗೆ ಒರೆಸಿ ಅರ್ಧ ಗಂಟೆ ಕಾಯಿರಿ. ಯಾವ ಮಟ್ಟದಲ್ಲಿ ಸೋರುವುದು ನಿಲ್ಲುತ್ತದೋ ತೂತು ಅದಕ್ಕೆ ಸ್ವಲ್ಪ ಮೇಲಿದೆ. ಕೊನೆಯ ಬೆರಳಗಲ ನೀರಿಗೂ ನಿಲ್ಲದಿದ್ದರೆ ಅದು ತಳದ್ದು ಅಥವಾ ವಾಲ್ವ್‌ನದು.

ಒಂದು ತೂತು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬೇಡಿ. ಒಂದು ಬೆಸುಗೆ ಸಾಲಿನಲ್ಲಿ ಒಂದು ಕಡೆ ಬಿಟ್ಟಿದ್ದರೆ, ಅದೇ ಕೈಯಲ್ಲಿ ಹಾಕಿದ ಉಳಿದ ಸಾಲುಗಳಲ್ಲೂ ಬಿಟ್ಟಿರುವ ಸಂಭವ ಹೆಚ್ಚು.

ಹಂತ 3: ಖಾಲಿ ಮಾಡುವ ಮೊದಲು ಎರಡು ಎಚ್ಚರಿಕೆ

ಮೊದಲನೆಯದು ಅಲ್ಯೂಮಿನಿಯಂ. ಈ ಮೇಜಿನ ಮೇಲೆ ಅಲ್ಯೂಮಿನಿಯಂ ಕತ್ತರಿಸಿದ್ದರೆ ಅದರ ಸಣ್ಣ ಪುಡಿ ತಳದ ಕೆಸರಿನಲ್ಲಿ ಕೂತು ನೀರಿನೊಂದಿಗೆ ಸೇರಿ ಜಲಜನಕ ಅನಿಲವನ್ನು ಬಿಡುತ್ತಿರುತ್ತದೆ. ತಗಡಿನ ಕೆಳಗೆ ಶೇಖರವಾದ ಜಲಜನಕಕ್ಕೆ ಒಂದು ಕಿಡಿ ತಾಕಿದರೆ ಸಿಡಿಯುತ್ತದೆ. ಮೇಲೆ ಹೊದ್ದಿರುವ ತಗಡನ್ನೆಲ್ಲ ತೆಗೆದು, ಷೆಡ್‌ನ ಬಾಗಿಲು ತೆರೆದು, ಫ್ಯಾನ್ ಹಾಕಿ, ಕೆಸರನ್ನು ಪೂರ್ತಿ ಹೊರಗೆ ಸಾಗಿಸಿದ ಮೇಲಷ್ಟೇ ಗ್ರೈಂಡರ್ ಅಥವಾ ವೆಲ್ಡಿಂಗ್ ಮುಟ್ಟಬೇಕು. ಈ ಕೆಸರನ್ನು ಮುಚ್ಚಳ ಬಿಗಿದ ಡ್ರಮ್‌ನಲ್ಲಿ ಇಡಲೇಬೇಡಿ.

ಎರಡನೆಯದು ಎಲೆಕ್ಟ್ರಾನಿಕ್ಸ್. ತೊಟ್ಟಿಗೆ ವೆಲ್ಡಿಂಗ್ ಮಾಡುವಾಗ ಕರೆಂಟ್ ಟಾರ್ಚ್ ಓಡಾಡುವ ಹಳಿ, ಬೇರಿಂಗ್, ಮೋಟಾರ್ ಕೇಬಲ್ ಮೂಲಕ ಹಾದರೆ ಮೋಟಾರ್ ನಡೆಸುವ ಡ್ರೈವ್ ಕಾರ್ಡ್ ಸುಡಬಹುದು. ತೂತು ಮುಚ್ಚಲು ಹೋಗಿ ಕಂಟ್ರೋಲರ್ ಕಳೆದುಕೊಳ್ಳುವ ಹಾಗಾಗಬಾರದು. ಸ್ವಿಚ್ ಆರಿಸಿದರಷ್ಟೇ ಸಾಲದು, ಕಂಟ್ರೋಲರ್‌ನ ಪ್ಲಗ್ ಕೀಳಿ, ಮೋಟಾರ್ ಮತ್ತು ಟಾರ್ಚ್‌ಗೆ ಹೋಗುವ ಕನೆಕ್ಟರ್ ಬಿಚ್ಚಿ. ವೆಲ್ಡಿಂಗ್ ಯಂತ್ರದ ಅರ್ಥಿಂಗ್ ಕ್ಲ್ಯಾಂಪನ್ನು ಬೆಸುಗೆ ಹಾಕುವ ಜಾಗಕ್ಕೆ ಒಂದು ಗೇಣಿನ ಒಳಗೆ, ತೊಟ್ಟಿಯ ಲೋಹಕ್ಕೇ ಹಾಕಿ. ಮೇಜಿನ ಕಾಲಿಗೆ ಬೇಡ.

ಹಂತ 4: ನೀರು, ಕೆಸರು, ಸ್ಲ್ಯಾಟ್

ನೀರನ್ನು ಬಟ್ಟೆಯಲ್ಲಿ ಸೋಸಿ ಡ್ರಮ್‌ಗಳಿಗೆ ಹಿಡಿದಿಡಿ. ತಿಳಿಯಾದ ಮೇಲೆ ಮತ್ತೆ ಬಳಸಬಹುದು. ರಸ್ತೆಬದಿಯ ಚರಂಡಿಗೆ ಬಿಡಬೇಡಿ. ಅದರಲ್ಲಿ ಲೋಹದ ಸಣ್ಣ ಕಣಗಳಿರುತ್ತವೆ. ತುಕ್ಕು ತಡೆಯುವ ದ್ರಾವಣ ಬೆರೆಸಿದ್ದರೆ ರಾಸಾಯನಿಕವೂ ಇರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕತ್ತರಿಸುವವರ ತೊಟ್ಟಿಯಲ್ಲಿ ಕ್ರೋಮಿಯಂ ಕೂಡ ಸೇರಿಕೊಳ್ಳುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯವನ್ನು ಅನುಮತಿ ಪಡೆದವರಿಗಷ್ಟೇ ಕೊಡಬೇಕು. ನಿಮ್ಮ ಕೆಸರು ಆ ಪಟ್ಟಿಗೆ ಸೇರುತ್ತದೆಯೇ ಎಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಸುತ್ತಲ ಊರಿನವರು ಕುಡಿಯುವುದೂ ಇದೇ ನೆಲದ ಕೊಳವೆಬಾವಿ ನೀರನ್ನು, ಅದನ್ನು ಮರೆಯಬಾರದು.

ಸ್ಲ್ಯಾಟ್‌ಗಳನ್ನು ಎತ್ತಿಟ್ಟು ಕೆಸರು ತೆಗೆಯಿರಿ, ಕೈಗವಸು ಕಡ್ಡಾಯ. ಗಟ್ಟಿಯಾದ ಕಿಟ್ಟವನ್ನು ಉಳಿ ಸುತ್ತಿಗೆಯಿಂದ ಹೊಡೆದು ಏಳಿಸಬೇಡಿ, ತುಕ್ಕಿನಿಂದ ತೆಳ್ಳಗಾದ ತಳ ಇನ್ನೊಂದು ಕಡೆ ತೂತಾಗುತ್ತದೆ. ಚಪ್ಪಟೆ ಸಲಿಕೆಯಿಂದ ಕೆರೆಯಿರಿ.

ಹಂತ 5: ಸೀಮೆಎಣ್ಣೆ, ಸುಣ್ಣದ ಪರೀಕ್ಷೆ

ಹಳೆಯ ಕಾಲದ ಟ್ಯಾಂಕ್ ಮೇಸ್ತ್ರಿಗಳು ಮಾಡುತ್ತಿದ್ದ ಪರೀಕ್ಷೆ ಇದು, ಇವತ್ತಿಗೂ ಇಷ್ಟು ಅಗ್ಗವಾಗಿ ಇಷ್ಟು ನಿಖರವಾದದ್ದು ಇನ್ನೊಂದಿಲ್ಲ. ಗುರುತು ಹಾಕಿದ ಜಾಗವನ್ನು ಎರಡೂ ಬದಿಯಲ್ಲಿ ವೈರ್ ಬ್ರಷ್‌ನಿಂದ ಉಜ್ಜಿ ಒಣಗಿಸಿ. ಹೊರಬದಿಗೆ ಸುಣ್ಣವನ್ನು ನೀರಿನಲ್ಲಿ ಕದಡಿ ತೆಳ್ಳಗೆ ಬಳಿದು ಪೂರ್ತಿ ಆರಲು ಬಿಡಿ. ಒಳಬದಿಯಿಂದ ಬೆಸುಗೆ ಸಾಲಿಗೆ ಬಟ್ಟೆಯಲ್ಲಿ ಸೀಮೆಎಣ್ಣೆ ಹಚ್ಚಿ. ನೀರು ನುಸುಳಲಾಗದ ಸಂದಿಯಲ್ಲೂ ಸೀಮೆಎಣ್ಣೆ ನುಸುಳುತ್ತದೆ. ಹೊರಗೆ ಬಿಳಿ ಸುಣ್ಣದ ಮೇಲೆ ಹಳದಿ ಛಾಯೆಯ ಕಲೆ ಮೂಡುತ್ತದೆ. ಚುಕ್ಕಿಯಾಗಿ ಮೂಡಿದರೆ ಸೂಜಿತೂತು, ಗೆರೆಯಾಗಿ ಮೂಡಿದರೆ ಬಿರುಕು. ಒಂದು ಗಂಟೆಯಾದರೂ ಕಾಯಿರಿ.

ಪರೀಕ್ಷೆ ಮುಗಿದ ಮೇಲೆ ಸೀಮೆಎಣ್ಣೆಯ ಕುರುಹೂ ಉಳಿಯಬಾರದು. ಸೋಪಿನ ನೀರಿನಿಂದ ತೊಳೆದು, ಅಸಿಟೋನ್‌ನಿಂದ ಒರೆಸಿ, ಅದೂ ಆರಿದ ಮೇಲಷ್ಟೇ ಬೆಂಕಿಯ ಕೆಲಸ. ಒರೆಸಿದ ಬಟ್ಟೆಗಳನ್ನು ಷೆಡ್‌ನಿಂದ ಹೊರಗೆ ಹಾಕಿ. ಕ್ಲೋರಿನ್ ಇರುವ ಕ್ಲೀನರ್ ಸ್ಪ್ರೇಗಳನ್ನು ಮಾತ್ರ ಬಳಸಲೇಬೇಡಿ. ಅವುಗಳ ಆವಿ ವೆಲ್ಡಿಂಗ್ ಬೆಳಕಿಗೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ಹಂತ 6: ದುರಸ್ತಿ

ಸೂಜಿತೂತು ಮತ್ತು ಬಿರುಕು. ಸುತ್ತ ಎರಡು ಇಂಚು ಬಣ್ಣ, ತುಕ್ಕು ತೆಗೆದು ಲೋಹ ಹೊಳೆಯುವಂತೆ ಗ್ರೈಂಡ್ ಮಾಡಿ. ಬಿರುಕಾದರೆ ಕಣ್ಣಿಗೆ ಕಾಣುವ ತುದಿಗಿಂತ ಸ್ವಲ್ಪ ಮುಂದೆ, ಎರಡೂ ಕಡೆ 3 ಮಿಲಿಮೀಟರ್ ಡ್ರಿಲ್ ಹಾಕಿ. ಬಿರುಕು ಮುಂದಕ್ಕೆ ಓಡದಂತೆ ತಡೆಯುವುದು ಈ ತೂತೇ. ಬಿರುಕಿನ ಉದ್ದಕ್ಕೂ ವಿ ಆಕಾರದ ತೋಡು ತೆಗೆದು ಬೆಸುಗೆ ಹಾಕಿ, ಡ್ರಿಲ್ ತೂತನ್ನೂ ತುಂಬಿ.

ಹಳೆಯ ಬೆಸುಗೆಯ ಮೇಲೆಯೇ ಇನ್ನೊಂದು ಸಾಲು ಎಳೆದು ಕೈ ತೊಳೆದುಕೊಳ್ಳುವವರೇ ಹೆಚ್ಚು. ಒಳಗಿನ ತುಕ್ಕು, ತೇವ ಕುದಿದು ಹೊಸ ಬೆಸುಗೆಯಲ್ಲಿ ಗುಳ್ಳೆ ಏಳುತ್ತದೆ. ಆ ಗುಳ್ಳೆಯೇ ನಾಳಿನ ತೂತು. ಸಂದಿಯೊಳಗಿನ ತೇವ ಬಟ್ಟೆಗೆ ಬರುವುದಿಲ್ಲ. ಗ್ಯಾಸ್ ಟಾರ್ಚ್‌ನ ಮೆತ್ತನೆಯ ಉರಿಯಲ್ಲಿ ಜಾಗವನ್ನು ಕೈ ಇಡಲಾಗದಷ್ಟು ಬಿಸಿ ಮಾಡಿ. ಮೊದಲು ಲೋಹ ಬೆವರಿದಂತೆ ಕಾಣುತ್ತದೆ, ಆಮೇಲೆ ಆ ಬೆವರು ಅಂಚಿನಿಂದ ಹಿಂದೆ ಸರಿದು ಮಾಯವಾಗುತ್ತದೆ. ಅದಾದ ಮೇಲೂ ಎರಡು ನಿಮಿಷ ಕಾಯಿಸಿ.

3 ಮಿಲಿಮೀಟರ್ ತಳಕ್ಕೆ 2.5ರ ರಾಡ್‌ನಲ್ಲಿ 60ರಿಂದ 80 ಆಂಪಿಯರ್ ಸಾಕು. ಒಂದೇ ಉಸಿರಿಗೆ ಉದ್ದ ಸಾಲು ಎಳೆದರೆ ತೆಳು ತಳ ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಂದು ಇಂಚು ಹಾಕಿ, ದೂರ ಹೋಗಿ ಇನ್ನೊಂದು ಇಂಚು ಹಾಕಿ, ಮುಟ್ಟುವಷ್ಟು ತಣ್ಣಗಾದ ಮೇಲೆ ನಡುವೆ ತುಂಬಿ. ಪ್ರತಿ ತುಂಡೂ ಹಿಂದಿನದರ ಮೇಲೆ ಅರ್ಧ ಇಂಚು ಹತ್ತಿರಲಿ, ಏಕೆಂದರೆ ಸೂಜಿತೂತು ಉಳಿಯುವುದು ನಿಲ್ಲಿಸಿ ಶುರು ಮಾಡುವ ಆ ಜಾಗದಲ್ಲೇ. ಸಾಧ್ಯವಾದಷ್ಟೂ ಒಳಬದಿಯಿಂದ ಬೆಸೆಯಿರಿ. ಹೊರಗಿನಿಂದಷ್ಟೇ ಬೆಸೆದರೆ ಒಳಗಿನ ಸಂದಿಯಲ್ಲಿ ನೀರು ನಿಂತು ತುಕ್ಕು ತಿನ್ನುತ್ತಲೇ ಇರುತ್ತದೆ.

ತುಕ್ಕು ತಿಂದ ತಳ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಲೋಹ ಟಣ್ ಎನ್ನುತ್ತದೆ, ತೆಳ್ಳಗಾದದ್ದು ಡಬ್ ಎಂದು ಮಂದವಾಗಿ ನುಡಿಯುತ್ತದೆ. ಮಂದ ಸದ್ದಿನ ಪ್ರದೇಶವನ್ನೆಲ್ಲ ಸೇರಿಸಿ ತೇಪೆ ಹಾಕಬೇಕು, ತೂತಿನ ಅಳತೆಗೆ ಮಾತ್ರ ಅಲ್ಲ. ತೇಪೆಯ ತಗಡು ತಳದಷ್ಟೇ ದಪ್ಪವಿರಲಿ, ಮೂಲೆಗಳು ದುಂಡಗಿರಲಿ, ಗಟ್ಟಿ ಲೋಹದ ಮೇಲೆ ಒಂದರಿಂದ ಎರಡು ಇಂಚು ಹತ್ತಿರಲಿ. ತಳದ ಕಾಲು ಭಾಗ ಹೀಗೆ ನುಡಿದರೆ ತೇಪೆಯ ಆಸೆ ಬಿಟ್ಟು ಹೊಸ ತಳ ಹಾಕಿಸಿ. ನಾನು ಇದನ್ನು ಖರ್ಚು ಹೆಚ್ಚಿಸಲು ಹೇಳುತ್ತಿಲ್ಲ. ತೇಪೆಯ ಪಕ್ಕ ತೇಪೆ ಹಾಕುತ್ತ ಕಳೆಯುವ ದಿನಗಳ ಕೂಲಿ ಲೆಕ್ಕ ಹಾಕಿ ನೋಡಿ.

ಟಾರ್ಚ್ ಕೊರೆದ ತೂತು. ಅಂಚು ಕಪ್ಪಾಗಿ, ದುಂಡಗೆ ಕರಗಿದಂತಿದ್ದರೆ ಅದು ತುಕ್ಕಲ್ಲ, ಪ್ಲಾಸ್ಮಾ ಜ್ವಾಲೆಯೇ ತಳ ಮುಟ್ಟಿದೆ. ನೀರು ಕಡಿಮೆ ಇದ್ದು, ಸ್ಲ್ಯಾಟ್‌ಗಳು ಗರಗಸದ ಹಲ್ಲಿನಂತೆ ಸವೆದು ತಗಡು ಕೆಳಗಿಳಿದಾಗ ಹೀಗಾಗುತ್ತದೆ. ತೂತು ಮುಚ್ಚಿ ಸ್ಲ್ಯಾಟ್ ಬದಲಿಸದಿದ್ದರೆ ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ.

ವಾಲ್ವ್ ಮತ್ತು ಕಪ್ಲಿಂಗ್. ಥ್ರೆಡ್‌ನಲ್ಲಿ ಸೋರಿದರೆ ಬಿಚ್ಚಿ, ಹಳೆಯ ಟೇಪ್ ಪೂರ್ತಿ ತೆಗೆದು, ಬಿಗಿಯುವ ದಿಕ್ಕಿನಲ್ಲೇ ಟೆಫ್ಲಾನ್ ಟೇಪ್ ಸುತ್ತಿ. ವಾಲ್ವ್ ಮುಚ್ಚಿದರೂ ಹನಿ ನಿಲ್ಲದಿದ್ದರೆ ಕಿಟ್ಟದ ಕಾಳು ಒಳಗಿನ ಸೀಟನ್ನು ಗೀರಿದೆ. ಅದು ಸರಿಯಾಗುವುದಿಲ್ಲ, ಹೊಸದು ಹಾಕಿ. ತೊಟ್ಟಿಯೊಳಗೆ ಪೈಪಿನ ಬಾಯಿ ತಳಕ್ಕಿಂತ ಅರ್ಧ ಇಂಚು ಎತ್ತರದಲ್ಲಿದ್ದು, ಮೇಲೊಂದು ಜಾಲರಿ ಇದ್ದರೆ ಹೊಸ ವಾಲ್ವ್ ಬಾಳುತ್ತದೆ.

ಬೋಲ್ಟ್ ಜೋಡಣೆ. ವೆಲ್ಡಿಂಗ್ ಬೇಡದ, ಸೀಲೆಂಟ್‌ಗೆ ಸರಿಯಾದ ಜಾಗ ಇದು. ಪಾಲಿಯುರೆಥೇನ್ ಸೀಲೆಂಟ್ ಬಳಸಿ. ಅದು ದಿನಕ್ಕೆ ಎರಡು ಮೂರು ಮಿಲಿಮೀಟರ್ ಆಳದಷ್ಟು ಮಾತ್ರ ಗಟ್ಟಿಯಾಗುತ್ತದೆ, ದಪ್ಪಗೆ ಬಳಿದಷ್ಟೂ ಹೆಚ್ಚು ದಿನ ಕಾಯಬೇಕು. ಹಚ್ಚುವಾಗ ವಿನೆಗರ್‌ನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಬೇಡ, ಅದು ಬಿಡುವ ಆಮ್ಲ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಯಾವುದೇ ಸಿಲಿಕೋನ್ ಬಳಿದ ಜಾಗಕ್ಕೆ ಆಮೇಲೆ ಬಣ್ಣವೂ ಕಚ್ಚುವುದಿಲ್ಲ.

ನಾಳೆಯೇ ಆರ್ಡರ್ ಕಳಿಸಬೇಕು ಎನ್ನುವವರು ಸಣ್ಣ ತೂತಿಗೆ ರಬ್ಬರ್ ವಾಷರ್ ಹಾಕಿದ ಬೋಲ್ಟ್ ಬಿಗಿದು, ಒಳಗಿನಿಂದ ಎರಡು ಭಾಗ ಬೆರೆಸುವ ಎಪಾಕ್ಸಿ ಮೇಣ ಮೆತ್ತಬಹುದು. ಬಿಸಿ ಕಿಟ್ಟ ಬೀಳುವ ಜಾಗದಲ್ಲಿ ಅದು ಬಹುಕಾಲ ನಿಲ್ಲುವುದಿಲ್ಲ, ಬಿಡುವು ಸಿಕ್ಕಾಗ ಬೆಸುಗೆ ಹಾಕಿಸಿ.

ಹಂತ 7: ಪರೀಕ್ಷೆ, ಆಮೇಲೆ ಬಣ್ಣ

ಬಣ್ಣಕ್ಕೆ ಮೊದಲೇ ಪರೀಕ್ಷೆ ಆಗಬೇಕು. ಬಣ್ಣ ಸೂಜಿತೂತನ್ನು ಕೆಲವು ವಾರ ಮುಚ್ಚಿಡುತ್ತದೆ, ನೀವು ಗೆದ್ದೆವು ಎಂದುಕೊಳ್ಳುತ್ತೀರಿ. ಸೀಮೆಎಣ್ಣೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ತೊಳೆದು, ನಂತರ ನೀರನ್ನು ಮೂರು ಕಂತಿನಲ್ಲಿ ತುಂಬಿ. ಪ್ರತಿ ಕಂತಿಗೂ ಒಂದು ಗಂಟೆ ಬಿಡಿ. ತುಂಬಿದ ಮೇಲೆ ದಪ್ಪ ತಗಡೊಂದನ್ನು ಇಟ್ಟು ರಾತ್ರಿ ಬಿಡಿ, ಅಡಿಯಲ್ಲಿ ದಿನಪತ್ರಿಕೆ ಹಾಸಿರಲಿ. ಬೆಳಿಗ್ಗೆ ಕಾಗದ ಗರಿಗರಿಯಾಗಿದ್ದರೆ ಸರಿ.

ಈಗಲೇ ಚೌಕಟ್ಟಿನ ನಾಲ್ಕೂ ಬದಿಗೆ ರಸಮಟ್ಟ ಇಟ್ಟು ನೋಡಿ. ಒಂದು ಕಾಲು ಕುಸಿದು ತೊಟ್ಟಿ ತಿರುಚಿಕೊಂಡಿದ್ದರೆ ಬಿರುಕಿನ ಮೂಲ ಅದೇ ಆಗಿರಬಹುದು. ಕಾಲಿನ ಕೆಳಗೆ ತಗಡಿನ ತುಂಡು ಕೊಟ್ಟು ಮಟ್ಟ ಮಾಡಿ.

ನೀರು ತೆಗೆದು ಒಣಗಿಸಿ, ಎಪಾಕ್ಸಿ ಪ್ರೈಮರ್ ಒಂದು ಕೋಟ್, ಎಪಾಕ್ಸಿ ಬಣ್ಣ ಎರಡು ಕೋಟ್ ಹೊಡೆಯಿರಿ. ಮುಟ್ಟಿದರೆ ಅಂಟುವುದಿಲ್ಲ ಎಂದ ಮಾತ್ರಕ್ಕೆ ನೀರು ತುಂಬಬೇಡಿ. ನೀರಿನಲ್ಲಿ ಮುಳುಗುವ ಎಪಾಕ್ಸಿಗೆ ಸಾಮಾನ್ಯವಾಗಿ ಏಳು ದಿನ ಬೇಕು, ಡಬ್ಬಿಯ ಮೇಲೆ ಬರೆದದ್ದನ್ನು ಓದಿ.

ಹಂತ 8: ನೀರು ತುಂಬುವಾಗ

ಗಡಸು ನೀರು ಆವಿಯಾದಂತೆಲ್ಲ ಉಪ್ಪು ತೊಟ್ಟಿಯಲ್ಲೇ ಉಳಿದು ಗಾಢವಾಗುತ್ತದೆ, ತುಕ್ಕೂ ಜೋರಾಗುತ್ತದೆ. ಹಿಡಿದಿಟ್ಟ ಮಳೆನೀರು ಸಿಕ್ಕರೆ ಅದು ಉತ್ತಮ. ಪ್ಲಾಸ್ಮಾ ಮೇಜಿಗೆಂದೇ ಮಾರುವ ತುಕ್ಕುನಿರೋಧಕ ದ್ರಾವಣವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿ. ಅದರಲ್ಲಿ ನೈಟ್ರೈಟ್ ಇದ್ದರೆ ಯಾವ ಆಮ್ಲವನ್ನೂ ಆ ನೀರಿಗೆ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ವಾಸನೆ ಬರುತ್ತದೆಂದು ಬ್ಲೀಚಿಂಗ್ ಪೌಡರ್ ಹಾಕುವ ಅಭ್ಯಾಸ ಕೆಲವರಿಗಿದೆ. ಅದರ ಕ್ಲೋರಿನ್ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಕೆಸರು ತೆಗೆದರೆ ವಾಸನೆ ತಾನಾಗಿ ಹೋಗುತ್ತದೆ.

ದುರಸ್ತಿ ಮಾಡಿದ ಜಾಗಕ್ಕೆ ನೇರವಾಗಿ, ತೊಟ್ಟಿಯ ಹೊರಗೋಡೆಯ ಮೇಲೆ ಬಣ್ಣದಲ್ಲಿ ಒಂದು ಬಾಣ ಬರೆದು ತಾರೀಖು ಹಾಕಿಡಿ. ಮುಂದಿನ ಸಲ ನೆಲ ಒದ್ದೆಯಾದಾಗ ಟಾರ್ಚ್ ಲೈಟ್ ಹಿಡಿದು ಮೊದಲು ನೋಡಬೇಕಾದದ್ದು ಆ ಬಾಣದ ಎಡಬಲವನ್ನು.